ಗರುಡನ ಮೂಗು ಹುಡುಕಿಕೊಂಡು ಚನ್ನಪಟ್ಟಣದಿಂದ ಕಿನ್ನಾಳಕ್ಕೆ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು, ಮರದ ಆಟಿಕೆಗಳಿಗೆ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ನನ್ನ ಪೆನ್ಸಿಲಿಗೆ ಬರೋರೆಲ್ಲ ಅಜ್ಜಿ ಕಥೆಯವರೇ. ಹನುಮಪ್ಪ, ಎಲ್ಲಮ್ಮ, ಗರುಡ, ಊರ ಹೊರಗಿನ ಗುಡಿಯ ಹುಲಿ. ಕಾಗದದ ಮೇಲೆ ಇವರೆಲ್ಲ ಹೇಳಿದ ಹಾಗೆ ಕೇಳುತ್ತಾರೆ. ಮರಕ್ಕೆ ಇಳಿಸುವಾಗಲೇ ಜಗಳ. ಅದರ ಮೇಲೆ ಕೊಳ್ಳುವವರದು ಒಂದೇ ಪ್ರಶ್ನೆ: "ಇದು ಆಡೋಕಾ, ದೇವರ ಮನೆಯಲ್ಲಿ ಇಡೋಕಾ?" ಮಗು ಗರುಡನನ್ನು ಕಚ್ಚಿದರೆ ಅಜ್ಜಿಗೆ ಸಿಟ್ಟು. ದೇವರ ಗೂಡಿನಲ್ಲಿಟ್ಟರೆ ಮಗುವಿಗೆ ಅಳು.

ಗಣೇಶನ ಹಬ್ಬದ ಮುಂದಿನ ವಾರ ಸ್ವಲ್ಪ ಬಿಡುವಿತ್ತು. ಗರುಡನ ಚಿತ್ರವೊಂದನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಶನಿವಾರ: ಚನ್ನಪಟ್ಟಣ

ಬೆಂಗಳೂರಿನಿಂದ ಚನ್ನಪಟ್ಟಣ ಸುಮಾರು 60 ಕಿ.ಮೀ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಆ ದಾರಿಯಲ್ಲಿ ಹೋಗೋದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ, ಹಾಗಾಗಿ ಹಳೆ ರಸ್ತೆಯೇ ಹಿಡಿದೆ. ನೀವು ಗೊಂಬೆಗೆಂದೇ ಹೋಗೋದಾದರೆ ಹಳೆ ರಸ್ತೆಯಲ್ಲೇ ಹೋಗಿ. ಎಕ್ಸ್‌ಪ್ರೆಸ್‌ವೇ ಊರನ್ನು ಪಕ್ಕಕ್ಕಿಟ್ಟು ಹೋಗುತ್ತದೆ. "2023ರಲ್ಲಿ ಆ ರಸ್ತೆ ಆದ್ಮೇಲೆ ಮೈಸೂರಿಗೆ ಹೋಗೋರು ನಮ್ಮ ಮುಖಾನೇ ನೋಡಲ್ಲ ಮೇಡಂ," ಎಂದರು ಅಂಗಡಿಯವರೊಬ್ಬರು. ಅವರ ಮುಂದೆ ಸಾಲಾಗಿ ನಿಂತಿದ್ದ ಮರದ ಕುದುರೆಗಳ ಬೆನ್ನ ಮೇಲೆ ತೆಳ್ಳಗೆ ಧೂಳು ಕೂತಿತ್ತು.

ನಾನು ಹೋಗಬೇಕಿದ್ದದ್ದು ಒಳ ಬೀದಿಯ ಒಂದು ಕಾರ್ಖಾನೆಗೆ. ಕಾರ್ಖಾನೆ ಅಂದರೆ ಶೀಟು ಹೊದಿಸಿದ ಉದ್ದನೆ ಕೋಣೆ, ನಾಲ್ಕೈದು ಲೇತು, ಮೊಣಕಾಲೆತ್ತರಕ್ಕೆ ಬಿಳಿ ಹೊಟ್ಟು. ಇಲ್ಲಿ ಬಳಸೋದು ಹಾಲೆ ಮರ. ಕಡಿದು ಒಣಗಿಸಿದ ಮೇಲೂ ಮೆದುವಾಗಿ, ಎಳೆ ಕಾಣದಷ್ಟು ನುಣುಪಾಗಿರುತ್ತದೆ. ಹಿರಿಯ ಭಾಯ್ ಒಬ್ಬರು ತುಂಡೊಂದನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅದಕ್ಕೆ ತಲೆ, ಕುತ್ತಿಗೆ, ಹೊಟ್ಟೆ ಬಂತು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಗೆರೆಗೆರೆಯಾಗಿ, ಗಂಟುಗಂಟಾಗಿ ಕಾಣುತ್ತದೆ. ಕೊನೆಗೆ ಒಣಗಿದ ತಾಳೆ ಗರಿಯನ್ನು ಮಡಿಸಿ ಒತ್ತಿ ಹಿಡಿದರೆ ಗಂಟೆಲ್ಲ ಹರಡಿ ಮೈ ಫಳಫಳ ಅನ್ನುತ್ತದೆ. ಬ್ರಷ್ ಇಲ್ಲ, ಒಣಗಲು ಕಾಯೋದಿಲ್ಲ. ಬಿಸಿ ಅರಗಿನ ವಾಸನೆ ಮಾತ್ರ ಸಂಜೆವರೆಗೂ ನನ್ನ ದುಪಟ್ಟಾದಲ್ಲಿತ್ತು.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಈ ಕೆಲಸ ಕಲಿಸಿದರು ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕಳೆದ ಶತಮಾನದ ಶುರುವಿನಲ್ಲಿ ಜಪಾನಿನ ತಂತ್ರ ತಂದರೆಂದು ಬಾವಾಸ್ ಮಿಯಾ ಅವರನ್ನೂ ನೆನೆಯುತ್ತಾರೆ. ನನಗೆ ಅವತ್ತು ಬೇಕಿದ್ದದ್ದು ಚರಿತ್ರೆಯಲ್ಲ, ಗರುಡ. ಚಿತ್ರ ತೆಗೆದು ತೋರಿಸಿದೆ.

ಭಾಯ್ ಕನ್ನಡಕ ಏರಿಸಿ ನೋಡಿದರು. ಹೊಟ್ಟೆ ತೋರಿಸಿ "ಇದು ಆಗ್ತದೆ" ಅಂದರು. ಕಿರೀಟ ತೋರಿಸಿ "ಇದೂ ಆಗ್ತದೆ." ಮೂಗಿನ ಮೇಲೆ ಬೆರಳಿಟ್ಟು ನಕ್ಕರು. "ಇದು ಆಗಲ್ಲ ಮೇಡಂ. ಲೇತು ತಿರುಗ್ತದೆ. ತಿರುಗೋದ್ರಲ್ಲಿ ಒಂದು ಕಡೆಗೆ ಮಾತ್ರ ಮೂಗು ಎಲ್ಲಿಂದ ಬರ್ತದೆ?"

ಹೌದಲ್ವಾ! ಚನ್ನಪಟ್ಟಣದ ಗೊಂಬೆಗಳ ಮುಖ ಯಾಕೆ ಅಷ್ಟು ದುಂಡಗೆ, ಯಾಕೆ ಅವುಗಳ ಮೂಗು ಬರೀ ಒಂದು ಚುಕ್ಕೆ ಅನ್ನೋದಕ್ಕೆ ಉತ್ತರ ಅಷ್ಟೇ. ಯಂತ್ರದ ಗುಣ. ಮೂಗು ಬೇಕಾದರೆ ಬೇರೆ ತುಂಡು ಮಾಡಿ, ತೂತು ಕೊರೆದು ಸಿಕ್ಕಿಸಬೇಕು. ಮಕ್ಕಳ ಕೈಗೆ ಹೋದರೆ ಮೊದಲು ಕಿತ್ತು ಬರೋದು ಅದೇ. "ಮೂಗಿನ ದೇವರು ಬೇಕಾದ್ರೆ ಕೊಪ್ಪಳದ ಕಡೆ ಹೋಗಿ," ಅಂದರು ಭಾಯ್. ರಾತ್ರಿ ರೈಲಿಗೆ ನನ್ನ ಟಿಕೆಟ್ ಆಗಲೇ ಜೇಬಿನಲ್ಲಿತ್ತು.

ಭಾನುವಾರ: ಕಿನ್ನಾಳ

ಕೊಪ್ಪಳದಲ್ಲಿ ಇಳಿದಾಗ ಮೋಡ ಕವಿದಿತ್ತು, ಆದರೂ ಸೆಕೆ. ಸ್ಟೇಷನ್ನಿನಿಂದ ಸ್ವಲ್ಪ ದೂರದ ಗಾಡಿಯಲ್ಲಿ ಒಗ್ಗರಣಿ ಮಿರ್ಚಿ. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಅರಿಶಿನದ ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ ಇಡುತ್ತಾರೆ. ಬೆಳಿಗ್ಗೆ ಬೆಳಿಗ್ಗೆ ಮೆಣಸಿನಕಾಯಿ ಬಜ್ಜಿಯಾ ಅಂತ ನನ್ನ ಹೊಟ್ಟೆ ಕೇಳಿತು. ಎರಡನೇ ತುತ್ತಿಗೆ ಸುಮ್ಮನಾಯಿತು.

ಮರದ ಗೊಂಬೆಗಳ ಊರು ಕಿನ್ನಾಳ ಅಲ್ಲಿಂದ 12-13 ಕಿ.ಮೀ. ಬಸ್ಸು ಸಿಗುತ್ತದೆ, ಆದರೆ ಭಾನುವಾರ ತಡ. ನನ್ನ ಬಸ್ಸು ಅರ್ಧ ದಾರಿಯಲ್ಲಿ ಟೈರು ಪಂಕ್ಚರ್ ಆಗಿ ನಿಂತಿತು. ರಸ್ತೆಯ ಎರಡೂ ಕಡೆ ಸಜ್ಜೆ, ಮೆಕ್ಕೆಜೋಳ, ದೂರದಲ್ಲಿ ಬೋಳು ಬಂಡೆಗಳ ಗುಡ್ಡ. ಪಕ್ಕದ ಸೀಟಿನಲ್ಲಿದ್ದ ಅಜ್ಜ ಕೆಳಗಿಳಿದು ತೆನೆ ಮುಟ್ಟಿ ನೋಡಿ, "ಇನ್ನೊಂದು ಮಳಿ ಬೇಕ್ರಿ," ಅಂದರು. ಗೊಂಬೆಗೆಂದು ಬಂದಿದ್ದೇನೆ ಅಂದಾಗ ಖುಷಿಯಾಯಿತು ಅವರಿಗೆ. "ಮೋರನಾಳಕ್ಕ ಹೋಗೂದಿಲ್ಲೇನು? ತೊಗಲುಗೊಂಬಿ ಆಡಿಸೋ ನಮ್ಮ ಭೀಮವ್ವಗ ಪದ್ಮಶ್ರೀ ಬಂದೈತಿ." ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಆ ಗೌರವ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಅಜ್ಜ ಹೇಳಿದ ರೀತಿ ನೋಡಿದರೆ ಪ್ರಶಸ್ತಿ ಅರ್ಧ ಇವರಿಗೇ ಬಂದ ಹಾಗಿತ್ತು.

ಕಿನ್ನಾಳದಲ್ಲಿ ಚಿತ್ರಗಾರರ, ಅಂದರೆ ಈ ಗೊಂಬೆ ಮಾಡುವ ಮನೆತನಗಳವರ, ಓಣಿ ಯಾವುದು ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮನೆಯ ಕಟ್ಟೆಯ ಮೇಲೆ ಒಂದು ಕೈ ಇಲ್ಲದ ಗೌರಿ, ಒಳಗೆ ಗೋಡೆಗೆ ಒರಗಿದ ಆನೆಗಳು. "ಬರ್ರಿ, ಕುಂದರ್ರಿ, ಚಾ ಕುಡೀರಿ," ಅಂದರು ಮನೆಯ ಹಿರಿಯರು. ಅವರನ್ನು ನಾನು ಕಾಕಾ ಅಂದೆ. ಅವರು ಮೊದಲು ಮೇಡಂ ಅಂದು, ಚಹಾ ಮುಗಿಯುವಷ್ಟರಲ್ಲಿ ತಂಗಿ ಅನ್ನತೊಡಗಿದರು.

ಇಲ್ಲಿ ಲೇತು ಇಲ್ಲ. ಹಗುರ ಮರವನ್ನು ಕೆತ್ತಿ ಭಾಗ ಭಾಗವಾಗಿ ಜೋಡಿಸುತ್ತಾರೆ. ಗರುಡನಿಗೇ ಸಾಮಾನ್ಯವಾಗಿ 12 ಭಾಗ, ಪೀಠದ ಮೇಲೆ ಕೂತ ಗಣಪತಿಗೆ 22. ಜೋಡಿಸೋದು ಹುಣಸೆ ಬೀಜದ ಅಂಟಿನಿಂದ. ಆದರೆ ನಿಜವಾದ ಕೈಚಳಕ ಕಿಟ್ಟದಲ್ಲಿದೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸುತ್ತಾರೆ. ಅದೇ ಕಿಟ್ಟ. ಕಾಕಾ ಒಂದು ಉಂಡೆ ನನ್ನ ಕೈಗಿಟ್ಟರು. ಜೋಳದ ಹಿಟ್ಟಿಗಿಂತ ಒರಟು, ಸ್ವಲ್ಪ ಹುಳಿ ವಾಸನೆ. ಜೋಡಿಸಿದ ಮರದ ಮೈಗೆಲ್ಲ ಇದನ್ನು ಕೈಯಿಂದಲೇ ಮೆತ್ತಿ, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಕಲ್ಲಿನ ಪುಡಿಯ ಲೇಪ ಬಳಿದರೆ ಆಮೇಲೆ ಬಣ್ಣ. ಒಡವೆಗಳೂ ಅಷ್ಟೇ, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬಾಗಿ ಬಿಡಿಸುತ್ತಾರೆ. ಬೆರಳಿಂದ ಸವರಿದರೆ ಗರುಡನ ಕಂಠೀಹಾರ ಒಂದೊಂದೇ ಮಣಿಯಾಗಿ ತಾಗುತ್ತದೆ.

ಮೂಗು? ನಾನು ಕೇಳುವ ಮೊದಲೇ ಕಾಕಾ ಚಿಟಿಕೆ ಕಿಟ್ಟ ತಗೊಂಡು ಗರುಡನ ಮುಖದ ಮೇಲಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮುಂದಕ್ಕೆ ಎಳೆದರು. ತುದಿಯನ್ನು ಕೆಳಕ್ಕೆ ಒತ್ತಿದರು. ಅಷ್ಟೇ. ಹಕ್ಕಿಯೂ ಅಲ್ಲದ, ಮನುಷ್ಯನೂ ಅಲ್ಲದ ಗರುಡ ಎದುರಿಗೆ ಕೂತಿದ್ದ. ಭಾಯ್ ಅಂದದ್ದು ಹೇಳಿದೆ. "ಅವರದು ಖರೇ ಐತಿ," ಅಂದರು. "ಅವರದು ತಿರುಗತೈತಿ, ನಮ್ಮದು ಕುಂತಿರತೈತಿ."

ಮಧ್ಯಾಹ್ನ ಮಳೆ ಶುರುವಾಯಿತು. ಓಣಿಯೆಲ್ಲ ಓಡಾಟ. ಅಂಗಳದಲ್ಲಿ ಒಣಗಲು ಇಟ್ಟ ಕೈಕಾಲು, ರೆಕ್ಕೆ, ಸೊಂಡಿಲುಗಳನ್ನು ಮೊರದಲ್ಲಿ ತುಂಬಿ ಒಳಗೆ ಸಾಗಿಸಿದೆವು. ಮಳೆಗಾಲದಲ್ಲಿ ಕಿಟ್ಟ ಒಣಗೋದು ನಿಧಾನ, ದಸರಾ ಗೊಂಬೆಯ ಬೇಡಿಕೆ ಮಾತ್ರ ಅದೇ ಹೊತ್ತಿಗೆ ಜಾಸ್ತಿ. ಅರ್ಜೆಂಟು ಅಂತ ಇಲ್ಲಿಗೆ ಈ ತಿಂಗಳಲ್ಲಿ ಬರಬೇಡಿ. ಬೇಸಿಗೆಯ ಮುಂಚೆ ಬಂದರೆ ಮಾತಿಗೂ ಸಿಗುತ್ತಾರೆ, ಗೊಂಬೆಯೂ ಸಿಗುತ್ತದೆ.

ಊಟಕ್ಕೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಕೆನೆ ಮೊಸರು. ಕಾಕಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ, "ಬೆಂಗಳೂರಾಗ ಏನ್ ತಿಂತೀರವಾ, ಇಷ್ಟ ಅದೀಯಲ್ಲ," ಅಂದರು.

ಸೋಮವಾರ: ಜೋಕಪ್ಪ ಬಂದ

ಕೊಪ್ಪಳದ ಲಾಡ್ಜಿನಲ್ಲಿ ಮಲಗಿ ಬೆಳಿಗ್ಗೆ ಮತ್ತೆ ಕಿನ್ನಾಳಕ್ಕೆ. ನನ್ನ ಪ್ರಶ್ನೆ ಇನ್ನೂ ಉಳಿದಿತ್ತಲ್ಲ, ಆಡೋಕಾ ಪೂಜೆಗಾ ಅಂತ.

ಈ ಸೀಮೆಯ ಊರುಗಳ ದ್ಯಾಮವ್ವ, ದುರಗವ್ವ ಮರದ ಮೂರ್ತಿಗಳು. ಜಾತ್ರೆಗೆ ಮುಂಚೆ ದೇವಿಗೆ ಹೊಸ ಬಣ್ಣ ಆಗಬೇಕು. ಆ ಕೆಲಸಕ್ಕೆ ಚಿತ್ರಗಾರರನ್ನು ಕರೆಯುತ್ತಾರೆ. ದಸರಾ ಆನೆ ಮಾಡುವ ಕೈಯೇ ಊರದೇವಿಗೂ ಬಣ್ಣ ಹಚ್ಚುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಕಾಕಾ ಬ್ರಷ್ಷಿನ ಕೂದಲನ್ನು ಬಾಯಲ್ಲಿ ನೇರ ಮಾಡಿಕೊಂಡು ಹೇಳಿದರು. "ಕಣ್ಣ ಕಡೀಗೆ ಬರಿಯೂದು, ಎರಡಕ್ಕೂ ಹಂಗ. ದೇವಿದಾದ್ರ ಮಡೀಲೆ ಇದ್ದು, ಕಾಯಿ ಒಡದು ಬರೀತೀವಿ. ಗೊಂಬೀದಾದ್ರ ಚಾ ಕುಡಕೋತ ಬರೀತೀವಿ."

"ಮನೆಗೆ ತಗೊಂಡು ಹೋದವರು ಆ ಗೊಂಬೆಗೇ ಪೂಜೆ ಮಾಡಿದ್ರೆ?"

"ಅದು ಅವರ ಮನಿ ಮಾತು, ತಂಗಿ."

ಅಷ್ಟರಲ್ಲಿ ಓಣಿಯಲ್ಲಿ ಹಾಡು ಕೇಳಿತು. ಅಂಬಿಗರ ಮನೆಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬರುತ್ತಿದ್ದರು. ಬುಟ್ಟಿಯ ತುಂಬ ಬೇವಿನ ಸೊಪ್ಪು, ಅದರ ನಡುವೆ ಹಸಿ ಮಣ್ಣಿನ ಜೋಕುಮಾರ, ಅಂದರೆ ಜೋಕಪ್ಪ. ದೊಡ್ಡ ಕಣ್ಣು, ಅಗಲ ಬಾಯಿ, ಬಾಯಿಗೆ ಮೆತ್ತಿದ ಬೆಣ್ಣೆ. ಪುಸ್ತಕಗಳಲ್ಲಿ ಓದಿದ್ದೆ, ಎದುರಿಗೆ ನೋಡಿದ್ದು ಇದೇ ಮೊದಲು. ಮನೆ ಮನೆಯ ಮುಂದೆ ಬುಟ್ಟಿ ಇಳಿಸುತ್ತಾರೆ, ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕಿ ಜೋಕಪ್ಪನ ಬಾಯಿಗೆ ಬೆಣ್ಣೆ ಹಚ್ಚುತ್ತಾರೆ. ಅವರಿಗೆ ವಾಪಸ್ಸು ಬೇವಿನ ಎಲೆ, ನುಚ್ಚು. ಅದನ್ನು ಹೊಲಕ್ಕೆ ಚೆಲ್ಲಿದರೆ ಬೆಳೆಗೆ ಒಳ್ಳೇದು ಅನ್ನೋದು ನಂಬಿಕೆ.

ಕಥೆ ಗೊತ್ತಲ್ವಾ? ಗಣಪ್ಪ ಭೂಮಿಗೆ ಬಂದು ಕಡುಬು ತಿಂದು ಹೋಗಿ, ಎಲ್ಲರೂ ಸುಖವಾಗಿದ್ದಾರೆ ಅಂತ ಶಿವನಿಗೆ ವರದಿ ಕೊಡುತ್ತಾನೆ. ಆಮೇಲೆ ಬರುವ ಜೋಕಪ್ಪ ಕೇರಿ ಕೇರಿ ಸುತ್ತಿ, ಹೊಲ ಒಣಗಿದ್ದು ಕಂಡು, ಇದ್ದದ್ದು ಇದ್ದ ಹಾಗೆ ಹೇಳಿ ಮಳೆ ತರಿಸುತ್ತಾನೆ. ಗಣಪ್ಪನಿಗೆ ಮಂಟಪ, ಲೈಟು, ಮೈಕು. ಜೋಕಪ್ಪನಿಗೆ ಬುಟ್ಟಿ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ಬುಟ್ಟಿ ಇಳಿಸಿದ ಅಕ್ಕನನ್ನು ಚಿತ್ರ ಬರ್ಕೊಳ್ಳಲಾ ಅಂತ ಕೇಳಿದೆ. "ಬರಕೊಳ್ರಿ, ಆದ್ರ ಸೊಪ್ಪು ಸರಿಸಬ್ಯಾಡ್ರಿ," ಅಂದರು. ಓಣಿಯ ಹೆಂಗಸರೆಲ್ಲ ಗೊಳ್ ಅಂತ ನಕ್ಕರು. ಸೊಪ್ಪಿನ ಕೆಳಗೆ ಏನಿದೆ ಅನ್ನೋದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಜೋಕಪ್ಪ ಫಲವಂತಿಕೆಯ ದೇವರು, ಮಣ್ಣಿನಲ್ಲಿ ಅದನ್ನು ಯಾವ ಸಂಕೋಚವೂ ಇಲ್ಲದೆ ಮಾಡಿರುತ್ತಾರೆ. ಮೂರು ವರ್ಷದ ಮೇಲ್ಪಟ್ಟ ಮಕ್ಕಳಿಗೆ ಅಂತ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುವ ನನ್ನಂಥವಳು ಇವನನ್ನು ಯಾವ ಕ್ಯಾಟಲಾಗಿಗೆ ಸೇರಿಸಲಿ?

ಸುತ್ತ ನಿಂತಿದ್ದ ಮಕ್ಕಳಿಗೆ ಆ ಚಿಂತೆ ಇರಲಿಲ್ಲ. ಒಬ್ಬ ಹುಡುಗ ಜೋಕಪ್ಪನ ಬಾಯಿಂದ ಬೆರಳಲ್ಲಿ ಬೆಣ್ಣೆ ತೆಗೆದು ನೆಕ್ಕಿದ. ಯಾರೂ ಬೈಯಲಿಲ್ಲ. ಇವನ ಆಯಸ್ಸು ಬರೀ ಏಳು ದಿನ. ಹುಣ್ಣಿಮೆ ರಾತ್ರಿ ಒಯ್ದು ಅಗಸರ ಬಂಡೆಯ ಹತ್ತಿರ ಮುಗಿಸಿಬಿಡುತ್ತಾರಂತೆ. "ಅಳ್ತೀವ್ರಿ ನಾವು," ಅಂದರು ಆ ಅಕ್ಕ, ಬುಟ್ಟಿ ಎತ್ತಿಕೊಳ್ಳುತ್ತಾ. "ಸತ್ತರ ಅಳಬೇಕಲ್ಲ."

ಸಂಜೆ ಕಾಕಾರಿಂದ ಒಂದು ಚಿಕ್ಕ ಗರುಡ ಕೊಂಡೆ. ಹಸಿರು ಮೈ, ಕೆಂಪು ರೆಕ್ಕೆ, ಮುಗಿದ ಕೈ. ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟರು.

ಮಂಗಳವಾರ: ಆನೆಗೊಂದಿ

ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು, ಅಲ್ಲಿಯ ಮರದ ರಥದ ಕೆಲಸ ತಮ್ಮ ಪೂರ್ವಿಕರದು ಅಂತ ಕಿನ್ನಾಳದವರು ಹೇಳುತ್ತಾರೆ. ಅದನ್ನು ನೋಡದೆ ವಾಪಸ್ಸು ಹೋಗೋದು ಹೇಗೆ? ಗಂಗಾವತಿ ಮೇಲೆ ಆನೆಗೊಂದಿಗೆ ಬಂದೆ. ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಯಾರದೋ ಅಕ್ಕಿ ಚೀಲ ನನ್ನ ಬ್ಯಾಗಿನ ಮೇಲೆ ಬಂದು ಕೂತಿತು. ಹೋಮ್‌ಸ್ಟೇ ತಲುಪಿ ಸೀರೆ ಬಿಚ್ಚಿದರೆ ಗರುಡನ ಎಡ ರೆಕ್ಕೆ ಬೇರೆಯಾಗಿತ್ತು.

ಕಾಕಾಗೆ ಫೋನ್ ಮಾಡಿದೆ. "ಅಂಗಡಿ ಗಮ್ ಹಚ್ಚಬ್ಯಾಡ," ಅಂದರು. "ಮನಿಯಾಗ ಹುಣಸಿ ಬೀಜ ಅದಾವೇನು ಕೇಳು." ಮನೆಯೊಡತಿ ಅಮ್ಮನ ಹತ್ತಿರ ಒಂದು ಡಬ್ಬಿ ಬೀಜ ಇತ್ತು. ಹುರಿದು, ಕುಟ್ಟಿ, ಸಿಪ್ಪೆ ತೆಗೆದು, ನೆನೆಹಾಕಿದೆವು. ಸಂಜೆ ಅಮ್ಮ ಒರಳಲ್ಲಿ ರುಬ್ಬಿದರು. ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕೂತರೆ ಮೊದಲು ಹಾಲಿನ ಹಾಗೆ ಇದ್ದದ್ದು ನಿಧಾನಕ್ಕೆ ಗಟ್ಟಿಯಾಗಿ, ಚಮಚದಿಂದ ದಾರ ಎಳೆಯತೊಡಗಿತು. ಬಿಸಿ ಇರುವಾಗಲೇ ಹಚ್ಚಿ, ರೆಕ್ಕೆ ಕೂರಿಸಿ, ದಾರ ಕಟ್ಟಿ ಇಟ್ಟೆವು. ಅಮ್ಮ ಅವನನ್ನು ತಮ್ಮ ದೇವರ ಗೂಡಿನ ಪಕ್ಕದ ಕಿಟಕಿಯಲ್ಲಿಟ್ಟರು. ಗೂಡಿನ ಒಳಗಲ್ಲ, ಪಕ್ಕದಲ್ಲಿ. ಅದಕ್ಕೂ ಅವರದೇ ಒಂದು ಲೆಕ್ಕ ಇತ್ತು: "ರೆಕ್ಕಿ ಕೂಡೂತನ ಹೊರಗಽ ಇರಲಿ."

ಮಧ್ಯೆ ಬಿಡುವಿನಲ್ಲಿ ಅಂಜನಾದ್ರಿಗೆ ಹೋಗಿ 575 ಮೆಟ್ಟಿಲು ಹತ್ತಿದೆ. ಮೇಲಿಂದ ನೋಡಿದರೆ ಭತ್ತದ ಗದ್ದೆ, ಬಾಳೆ ತೋಟ, ಬಂಡೆ, ಕೆಂಪಗೆ ತುಂಬಿ ಹರಿಯುವ ತುಂಗಭದ್ರೆ. ಚಪ್ಪಲಿ ಕೆಳಗೇ ಬಿಡಬೇಕು, ಬಾಳೆಹಣ್ಣನ್ನೂ ಕೆಳಗೇ ತಿಂದು ಮುಗಿಸಿ. ಮೇಲೆ ಹನುಮಪ್ಪನ ಬಳಗ ಯಾರ ಮಾತೂ ಕೇಳುವುದಿಲ್ಲ.

ಬುಧವಾರ: ಹಂಪಿ

ಆನೆಗೊಂದಿಯಿಂದ ಹಂಪಿಗೆ ದೋಣಿಯಲ್ಲಿ ದಾಟೋದು ನನ್ನ ಆಸೆ. ಡ್ಯಾಮಿನಿಂದ ನೀರು ಬಿಟ್ಟಿದ್ದರಿಂದ ದೋಣಿ ಬಂದ್. ಮಳೆಗಾಲದಲ್ಲಿ ಇದು ಮಾಮೂಲು, ದೋಣಿ ನಂಬಿಕೊಂಡು ಸಮಯ ಹಾಕಿಕೊಳ್ಳಬೇಡಿ. ಕಡೆಬಾಗಿಲಿನ ಸೇತುವೆ ಮೇಲೆ ಆಟೋದಲ್ಲಿ ಸುತ್ತಿಕೊಂಡು ಬಂದೆ.

ವಿರೂಪಾಕ್ಷ ಗುಡಿಯ ರಂಗಮಂಟಪ ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ್ದು. ಅದರ ಸೂರಿನ ತುಂಬ ಚಿತ್ರ. ಕತ್ತೆತ್ತಿ ನೋಡಿದರೆ ಐದು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ. ಒಂದು ಚಿಕ್ಕ ಕನ್ನಡಿ ತಂದುಕೊಳ್ಳಿ, ಅಂಗೈಯಲ್ಲಿ ಹಿಡಿದು ಬಗ್ಗಿ ನೋಡಬಹುದು. ಗಿರಿಜಾ ಕಲ್ಯಾಣ, ದಶಾವತಾರ, ಶಿವನ ಮೇಲೆ ಬಾಣ ಬಿಡುವ ಮನ್ಮಥ, ಮೀನಿಗೆ ಗುರಿಯಿಟ್ಟ ಅರ್ಜುನ, ಪಲ್ಲಕ್ಕಿಯಲ್ಲಿ ಹೋಗುವ ವಿದ್ಯಾರಣ್ಯರ ಮೆರವಣಿಗೆ. ಈಗ ಕಾಣುವ ಬಣ್ಣ ಎಷ್ಟು ಹಳೆಯದು, ನಡುವೆ ಯಾವಾಗ ಮತ್ತೆ ಬರೆದರು ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಒಂದೇ ಮಾತಿಲ್ಲ.

ನಾನು ನೋಡಿದ್ದು ಮೂಗು. ಮೆರವಣಿಗೆಯ ಜನರೆಲ್ಲ ಪಕ್ಕಕ್ಕೆ ತಿರುಗಿದ್ದಾರೆ. ಎದುರಿನಿಂದ ಬರೆದರೆ ಮೂಗು ಎರಡು ಗೆರೆಯಲ್ಲಿ ಮುಗಿದುಹೋಗುತ್ತದೆ. ಪಕ್ಕದಿಂದ ಬರೆದರೆ ಮುಖವೆಲ್ಲ ಅದರದೇ. ನನ್ನ ಚಿತ್ರದಲ್ಲಿ ಗರುಡ ಎದುರಿಗೆ ನೋಡುತ್ತಿದ್ದ. ಅಲ್ಲೇ ಕಂಬಕ್ಕೆ ಒರಗಿ ಅವನನ್ನು ಪಕ್ಕಕ್ಕೆ ತಿರುಗಿಸಿ ಬರೆದೆ. ಮೈ ದುಂಡಗೆ, ಲೇತಿಗೆ ಒಪ್ಪುವ ಹಾಗೆ. ಮುಖಕ್ಕೆ ಮಾತ್ರ ಕಿಟ್ಟದ ಮೂಗು. ಮೈ ಚನ್ನಪಟ್ಟಣದಲ್ಲಿ ಆಗಲಿ, ಮೂಗು ಕಿನ್ನಾಳದಲ್ಲಿ.

ಹೊರಗೆ ಬಂದು ಫೋಟೊ ತೆಗೆದು ಎರಡೂ ಕಡೆ ಕಳಿಸಿದೆ. ಭಾಯ್ "ಆಗ್ತದೆ" ಅಂತ ಒಂದೇ ಮಾತು ಬರೆದರು. ಕಾಕಾ ಫೋನೇ ಮಾಡಿದರು. ರೇಟು ಹೇಳಿದರು, ನಾನು ಸ್ವಲ್ಪ ಚೌಕಾಸಿ ಮಾಡಿದೆ, ಅವರು ಸ್ವಲ್ಪ ಇಳಿದರು. ಅರಗಿನ ನುಣುಪು ಮೈಗೆ ಕಿಟ್ಟ ಹಿಡಿಯೋದಿಲ್ಲ, ಮುಖದ ಜಾಗಕ್ಕೆ ಅರಗು ಹಾಕದೆ ಬರೀ ಮರ ಬಿಟ್ಟು ಕಳಿಸಲು ಹೇಳು ಅಂದರು. ಅದು ನನಗೆ ಹೊಳೆದಿರಲಿಲ್ಲ, ತಕ್ಷಣ ಭಾಯ್‌ಗೆ ತಿಳಿಸಿದೆ. ಬಣ್ಣ ಮಕ್ಕಳ ಬಾಯಿಗೆ ಹೋದರೂ ತೊಂದರೆ ಆಗದಂಥದ್ದೇ ಇರಬೇಕು ಅಂತ ನನ್ನ ಷರತ್ತು ಹೇಳಿದೆ, ಅದಕ್ಕೂ ಒಪ್ಪಿದರು. "ದಸರಾ ಮುಗೀಲಿ, ಮಳಿ ನಿಂದರಲಿ, ಆಮ್ಯಾಲೆ ಕಳಸು. ಮತ್ತ ಒಂದ್ ಮಾತು ತಂಗಿ, ಕಣ್ಣ ಅವರ ಕಡೆ ಬರಿಸಬ್ಯಾಡ. ಅದನ್ನ ನಾವಽ ಬರಿಯೂದು."

"ಚಹಾ ಕುಡ್ಕೊಂಡಾ, ಕಾಯಿ ಒಡೆದಾ?" ಅಂತ ಕೇಳಿದೆ.

"ರೊಕ್ಕ ಬಂದ ಮ್ಯಾಲೆ ನೋಡೋಣಂತ," ಅಂದು ಕಾಕಾ ಫೋನ್ ಇಟ್ಟರು.